ಕಿಟಕಿಯ ಪಕ್ಕ ಒಂದು ಕುರ್ಚಿ

ನಮ್ಮ ಮನೆಗಳ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡಿರುವ ಹಿರಿಯರ ಫೋಟೋಗಳನ್ನು ಒಮ್ಮೆ ಹತ್ತಿರ ಹೋಗಿ ನೋಡಿ. ಬಹಳಷ್ಟು ಫೋಟೋಗಳು ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದವು. ಅಂಚಿನಲ್ಲಿ ಇನ್ನಾರದೋ ಭುಜ, ಯಾರದೋ ಪೇಟದ ತುದಿ ಉಳಿದುಕೊಂಡಿರುತ್ತದೆ. ಕೆಲವು ಅಂಗಳದ ಬಿಸಿಲಿನಲ್ಲಿ ತೆಗೆದವು. ಕಣ್ಣು ಕಿರಿದಾಗಿ, ಹುಬ್ಬು ಗಂಟಿಕ್ಕಿ, ಮೂಗಿನ ನೆರಳು ತುಟಿಯ ಮೇಲೆ ಮೀಸೆಯಂತೆ ಬಿದ್ದಿರುತ್ತದೆ. ಬದುಕಿದ್ದಷ್ಟು ದಿನ ನಗಿಸುತ್ತಲೇ ಇದ್ದ ತಾತ, ಫೋಟೋದಲ್ಲಿ ಮಾತ್ರ ಮೊಮ್ಮಕ್ಕಳ ಮೇಲೆ ಸಿಟ್ಟು ಮಾಡಿಕೊಂಡಂತೆ ಕಾಣುತ್ತಾರೆ.

ತಾತನ ಸ್ವಭಾವ ಇದಕ್ಕೆ ಕಾರಣವಲ್ಲ, ಬೆಳಕು ಕಾರಣ. ನಮ್ಮ ಕಾಲದಲ್ಲಿ ಮಧ್ಯಮ ವರ್ಗದ ಮನೆಗೆ ಕ್ಯಾಮೆರಾ ಬಂತೆಂದರೆ ಅದು ಆಗ್ಫಾ ಕ್ಲಿಕ್. ಒಂದು ರೋಲಿಗೆ ಹನ್ನೆರಡೇ ಚಿತ್ರ. ಮನೆಯೊಳಗಿನ ಬೆಳಕು ಅದಕ್ಕೆ ಸಾಲುತ್ತಿರಲಿಲ್ಲ. ಹಾಗಾಗಿ ಎಲ್ಲರನ್ನೂ ಅಂಗಳಕ್ಕೆ ಕರೆದು, ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿ, ‘ಕಣ್ಣು ಮಿಟುಕಿಸಬೇಡಿ’ ಎಂದು ಕೂಗುತ್ತಿದ್ದೆವು. ಬಿಸಿಲಿಗೆ ಕಣ್ಣು ಬಿಡಲಾಗದ ಅಜ್ಜಿಯಂದಿರು ಹಾಗೇ ಗೋಡೆ ಏರಿದರು.

ಈಗ ಆ ಕಷ್ಟವಿಲ್ಲ. ಪ್ರತಿ ಮನೆಯಲ್ಲೂ ಕ್ಯಾಮೆರಾ ಇರುವ ಫೋನಿದೆ. ಆದರೂ ಹಿರಿಯರ ಒಂದು ಒಳ್ಳೆಯ ಮುಖಚಿತ್ರ ಇರುವ ಮನೆ ಅಪರೂಪ. ಅದಕ್ಕೆ ಬೇಕಾದದ್ದು ಒಂದು ಕಿಟಕಿ, ಒಂದು ಕುರ್ಚಿ, ಹತ್ತು ನಿಮಿಷ. ಈ ಮಾತನ್ನು ಅಜ್ಜ–ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಒಟ್ಟಿಗೇ ಹೇಳಬೇಕೆನಿಸಿ ಬರೆಯುತ್ತಿದ್ದೇನೆ.

ನಾನು ಫೋಟೋಗ್ರಾಫರ್ ಅಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಆದರೆ ಮುಖಗಳನ್ನು ನೋಡುವುದೇ ನನ್ನ ಕೆಲಸದ ಒಂದು ಭಾಗವಾಗಿತ್ತು. ಹಲವು ವರ್ಷ ಪಿಂಚಣಿ ಕೌಂಟರಿನಲ್ಲಿದ್ದೆ. ದಾಖಲೆಗೆ ಅಂಟಿಸಿದ ಮುಖಕ್ಕೂ ಕೌಂಟರಿನ ಆಚೆ ನಿಂತ ಮುಖಕ್ಕೂ ತಾಳೆ ನೋಡಬೇಕಿತ್ತು. ಆ ಶಾಖೆಯಲ್ಲಿ ಹಳೆಯ ಕಾಲದ ದೊಡ್ಡದೊಂದು ಕಿಟಕಿ, ಅದಕ್ಕೆ ಆಚೆಯದು ಕಾಣದಂಥ ಮಸುಕು ಗಾಜು, ಅದರ ಕೆಳಗೆ ಉದ್ದನೆಯ ಬೆಂಚು. ಟೋಕನ್ ಹಿಡಿದು ಕಾಯುವ ಹಿರಿಯರು ಅಲ್ಲಿ ಕೂರುತ್ತಿದ್ದರು. ಪಾಸ್‌ಪೋರ್ಟ್ ಅಳತೆಯ ಫೋಟೋದಲ್ಲಿ ಪೊಲೀಸರು ಹುಡುಕುತ್ತಿರುವವರಂತೆ ಕಾಣುತ್ತಿದ್ದ ನಿವೃತ್ತ ಮೇಷ್ಟ್ರು, ಆ ಬೆಂಚಿನ ಮೇಲೆ ಕೂತಾಗ ಎಷ್ಟು ಸೌಮ್ಯವಾಗಿ, ಎಷ್ಟು ಚೆಂದವಾಗಿ ಕಾಣುತ್ತಿದ್ದರು! ಮುಖ ಅದೇ, ಬೆಳಕು ಬೇರೆ. ಬೆಳಕಿನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಆ ಮಸುಕು ಗಾಜು ಕಲಿಸಿದ್ದು.

ಮಕ್ಕಳೇ, ಅದರ ಗುಟ್ಟು ನಿಮಗೆ ಮನೆಯಲ್ಲೇ ಸಿಗುತ್ತದೆ. ರಾತ್ರಿ ಉಳಿದ ದೀಪಗಳನ್ನೆಲ್ಲ ಆರಿಸಿ, ಫೋನಿನ ಟಾರ್ಚನ್ನು ಮಾತ್ರ ಹೊತ್ತಿಸಿ, ಗೋಡೆಯ ಮುಂದೆ ಕೈ ಹಿಡಿಯಿರಿ. ನೆರಳಿನ ಅಂಚು ಬ್ಲೇಡಿನಿಂದ ಕತ್ತರಿಸಿದ ಹಾಗೆ ಚೂಪಾಗಿರುತ್ತದೆ. ಈಗ ಟಾರ್ಚ್ ಆರಿಸಿ, ಉದ್ದನೆಯ ಟ್ಯೂಬ್‌ಲೈಟ್ ಹಾಕಿ ಅದೇ ಕೈ ಹಿಡಿಯಿರಿ. ನೆರಳು ಮಸುಕಾಗಿ ಹರಡುತ್ತದೆ. ಬೆಳಕು ಒಂದೇ ಚುಕ್ಕೆಯಿಂದ ಬಂದರೆ ಮೂಗು ಅದಕ್ಕೆ ಅಡ್ಡ ನಿಂತಾಗ ಆಚೆ ಕತ್ತಲೆ. ಅಗಲವಾದ ಜಾಗದಿಂದ ಬಂದರೆ, ಒಂದು ಕಡೆಯ ಬೆಳಕಿಗೆ ಮೂಗು ಅಡ್ಡವಾದರೂ ಇನ್ನೊಂದು ಕಡೆಯ ಬೆಳಕು ಬಳಸಿಕೊಂಡು ಹೋಗಿ ಆ ನೆರಳನ್ನು ತುಂಬುತ್ತದೆ. ಸೂರ್ಯ ಬಹಳ ದೊಡ್ಡವನೇ, ಆದರೆ ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮ್ಮ ಪಾಲಿಗೆ ಅವನೊಂದು ಚುಕ್ಕೆ. ಅದೇ ಬಿಸಿಲು ಮೋಡದಲ್ಲೋ ಮಸುಕು ಗಾಜಿನಲ್ಲೋ ತೆಳುವಾದ ಬಿಳಿ ಬಟ್ಟೆಯಲ್ಲೋ ಹಾದು ಬಂದರೆ, ಆ ಬಟ್ಟೆಯೇ ಇಡಿಯಾಗಿ ದೀಪವಾಗುತ್ತದೆ. ಚುಕ್ಕೆ ಹೋಗಿ ಚೌಕವಾಗುತ್ತದೆ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಮರೆಯುವುದಿಲ್ಲ. ಅದನ್ನು ರವಿವರ್ಮ ಬರೆದದ್ದೆಂದು ಹಲವರು ತಿಳಿದಿದ್ದಾರೆ. ಬರೆದವರು ಎಸ್.ಎಲ್. ಹಳದಣಕರ್, ಎದುರಿಗೆ ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು. ಆ ಚಿತ್ರದಲ್ಲಿ ಆಕೆ ದೀಪದ ಕುಡಿಗೆ ಅಂಗೈ ಅಡ್ಡ ಹಿಡಿದಿದ್ದಾಳೆ. ಕುಡಿ ನಮ್ಮ ಕಣ್ಣಿಗೆ ಚುಚ್ಚುವುದಿಲ್ಲ. ಬೆರಳುಗಳ ಸಂದಿಯಿಂದ ಕೆಂಪಗೆ ಸೋಸಿ, ಆಕೆಯ ಮುಖದ ಮೇಲೆ ಮೆಲ್ಲಗೆ ಹರಡುತ್ತದೆ. ಆ ಅಂಗೈ ಮಾಡುವ ಕೆಲಸವನ್ನೇ ನಾವು ಕಿಟಕಿಯ ಬಟ್ಟೆಯಿಂದ ಮಾಡಿಸುವುದು.

ಇನ್ನು ನಮ್ಮ ತಿಲಕ್ ನಗರದ ಮಾತು. ಇಲ್ಲಿ ಇಪ್ಪತ್ತು–ಮೂವತ್ತರ ಸೈಟುಗಳೇ ಹೆಚ್ಚು. ಕಿಟಕಿ ತೆಗೆದರೆ ಕಾಣುವುದು ಆಕಾಶವಲ್ಲ, ಪಕ್ಕದ ಮನೆಯ ಗೋಡೆ. ‘ಇಲ್ಲಿ ಎಲ್ಲಿಯ ಬೆಳಕು ಸ್ವಾಮಿ?’ ಎಂದು ನೀವು ಕೇಳಬಹುದು. ಆದರೆ ಗೋಡೆ ತಿಳಿಬಣ್ಣದ್ದಾಗಿದ್ದರೆ ಅದೇ ಒಂದು ದೊಡ್ಡ ದೀಪ. ನಮ್ಮದು ಒಂದೇ ಅಂತಸ್ತು, ಉತ್ತರಕ್ಕಿರುವ ಪಕ್ಕದ ಮನೆ ಮೂರು ಅಂತಸ್ತು. ಡಿಸೆಂಬರ್–ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನಮ್ಮ ತಾರಸಿಯ ಮೇಲಿನಿಂದ ಬಿಸಿಲು ಹೋಗಿ ಅವರ ಬಿಳಿ ಗೋಡೆಗೆ ಬಡಿಯುತ್ತಿತ್ತು. ಅಲ್ಲಿಂದ ಹಾಲಿನಂಥ ಬೆಳಕು ನಮ್ಮ ಕೋಣೆಗೆ ಇಳಿಯುತ್ತಿತ್ತು. ಮೂರು ವರ್ಷದ ಹಿಂದೆ ಗೃಹಪ್ರವೇಶದ ಸಂಭ್ರಮದಲ್ಲಿ ಅವರು ಗೋಡೆಗೆ ಗಿಳಿಹಸಿರು ಬಳಿಸಿದರು. ಅಂದಿನಿಂದ ಆ ಕಿಟಕಿಯ ಪಕ್ಕ ಕೂತವರೆಲ್ಲ ಕಾಮಾಲೆಯಿಂದ ಎದ್ದು ಬಂದವರಂತೆ ಕಾಣತೊಡಗಿದರು. ಎದುರಿನ ಗೋಡೆಯ ಬಣ್ಣ ಮುಖಕ್ಕೂ ಬರುತ್ತದೆ, ಇದನ್ನು ನೆನಪಿಡಿ.

ಹಾಗಾಗಿ ನಾನು ರಸ್ತೆ ಕಡೆಯ ಪೂರ್ವದ ಕಿಟಕಿಗೆ ಬಂದೆ. ಅಲ್ಲಿ ಬೆಳಗಿನ ಬಿಸಿಲು ನೇರವಾಗಿ ನುಗ್ಗುತ್ತದೆ. ಕಿಟಕಿಯ ಸರಳುಗಳ ನೆರಳು ಮುಖದ ಮೇಲೆ ಬಿದ್ದರೆ ಜೈಲಿನಲ್ಲಿ ಕೂತ ಹಾಗೆ. ಇದಕ್ಕೆ ನನ್ನ ಬಿಳಿ ಪಂಚೆಯೇ ಮದ್ದು. ಒಂದೇ ಪದರವಾಗಿ ಸರಳಿನ ಒಳಗಡೆ ಇಳಿಬಿಟ್ಟು ಕ್ಲಿಪ್ ಹಾಕಿದರೆ ಸಾಕು. ಅಂಚಿನ ಭಾಗ ಪಕ್ಕಕ್ಕೆ ಇರಲಿ, ಇಲ್ಲದಿದ್ದರೆ ಅದರ ಪಟ್ಟೆಯೂ ಮೂಡುತ್ತದೆ. ಮಧ್ಯಾಹ್ನ ಸೂರ್ಯ ಮನೆಯ ಹಿಂದಕ್ಕೆ ಹೋದ ಮೇಲೆ ಪಂಚೆಯೂ ಬೇಡ, ಬರಿಯ ಕಿಟಕಿಯೇ ಸಾಕು.

ಉತ್ತರದ ಕಿಟಕಿಗೆ ಎಂದೂ ನೇರ ಬಿಸಿಲು ಬರುವುದಿಲ್ಲ, ಆದ್ದರಿಂದ ಅದೇ ಶ್ರೇಷ್ಠ ಎಂದು ಪರದೇಶದ ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ಅವರ ಊರಿಗೆ ಸರಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಅಂದು ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಶಾಲೆಯಲ್ಲಿ ಕೇಳಿರುತ್ತೀರಿ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ಇಣುಕಬಹುದು. ನಮ್ಮ ಪುಣ್ಯಕ್ಕೆ ಮಳೆಗಾಲವೂ ಆಗಲೇ ಬರುತ್ತದೆ. ಮೋಡ ಕವಿದ ದಿನ ಇಡೀ ಆಕಾಶವೇ ಒಂದು ಪಂಚೆ.

ಈಗ ಕುರ್ಚಿ ಹಾಕೋಣ. ಅಜ್ಜಿಯನ್ನು ಕಿಟಕಿಯಿಂದ ಎರಡು ಮೊಳ ದೂರದಲ್ಲಿ ಕೂರಿಸಿ. ಕಿಟಕಿಗೆ ಬೆನ್ನು ಮಾಡಿಸಬೇಡಿ, ಮುಖ ಕಪ್ಪಾಗುತ್ತದೆ. ಬೆಳಕು ಓರೆಯಾಗಿ ಬರುವಂತೆ ಮುಖವನ್ನು ಅರ್ಧ ಕಿಟಕಿಯ ಕಡೆ, ಅರ್ಧ ನಿಮ್ಮ ಕಡೆ ತಿರುಗಿಸಿ. ಪೂರ್ತಿ ಪಕ್ಕದಿಂದ ಬಂದ ಬೆಳಕು ಒಂದೊಂದು ಸುಕ್ಕನ್ನೂ ಎತ್ತಿ ತೋರಿಸುತ್ತದೆ; ಮುಂದಿನಿಂದ ಬಂದಷ್ಟೂ ಸುಕ್ಕು ತಣ್ಣಗಾಗುತ್ತದೆ. ಯಾವುದು ಬೇಕೆಂದು ಅಜ್ಜಿಯನ್ನೇ ಕೇಳಿ. ಕತ್ತಲಾದ ಕೆನ್ನೆಯ ಕಡೆ ತಮ್ಮನೋ ತಂಗಿಯೋ ಒಂದು ಬಿಳಿ ಬೆಡ್‌ಶೀಟ್ ಹಿಡಿದು ನಿಲ್ಲಲಿ. ಕಿಟಕಿಯ ಬೆಳಕು ಅದಕ್ಕೆ ತಾಗಿ ಹಿಂದಿರುಗಿ ಆ ಕೆನ್ನೆಗೂ ಸ್ವಲ್ಪ ಜಮಾ ಆಗುತ್ತದೆ. ಆದರೆ ಎರಡೂ ಕಡೆ ಸಮಸಮ ಮಾಡಬೇಡಿ. ಲೆಕ್ಕದ ಪುಸ್ತಕದಲ್ಲಿ ಖರ್ಚು–ಜಮಾ ತಾಳೆಯಾಗಬೇಕು ನಿಜ, ಮುಖದಲ್ಲಿ ಮಾತ್ರ ಒಂದಿಷ್ಟು ನೆರಳು ಬಾಕಿ ಉಳಿಯಬೇಕು. ಆಗಲೇ ಮೂಗು, ಗದ್ದ, ಕೆನ್ನೆಗೆ ಆಕಾರ.

ಮನೆಯ ಬಲ್ಬುಗಳನ್ನು ಆರಿಸಿ. ಎರಡು ಬಣ್ಣದ ಬೆಳಕು ಬೆರೆತರೆ ಚರ್ಮದ ಬಣ್ಣ ಕೆಡುತ್ತದೆ. ಫೋನಿನ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಮುಖದ ಹತ್ತಿರಕ್ಕೇ ನುಗ್ಗಬೇಡಿ, ಮೂಗು ದೊಡ್ಡದಾಗುತ್ತದೆ. ಐದಾರು ಅಡಿ ದೂರ ನಿಂತು ಎರಡರಷ್ಟು ಜೂಮ್ ಮಾಡಿ. ಪರದೆಯ ಮೇಲೆ ಕಣ್ಣಿನ ಹತ್ತಿರ ಬೆರಳಿಟ್ಟು, ಬೆಳಕು ಹೆಚ್ಚೆನಿಸಿದರೆ ಚೂರು ಇಳಿಸಿ. ಕನ್ನಡಕ ಹೊಳೆದರೆ ಗದ್ದವನ್ನು ಸ್ವಲ್ಪ ತಗ್ಗಿಸಲು ಹೇಳಿ. ಮುಖವನ್ನು ಬೆಣ್ಣೆಯಂತೆ ನುಣುಪು ಮಾಡುವ ಸೌಂದರ್ಯದ ಗುಂಡಿಯನ್ನು ದಯವಿಟ್ಟು ಆರಿಸಿ. ಅಜ್ಜಿ ಎಪ್ಪತ್ತು ವರ್ಷ ಗಳಿಸಿದ್ದನ್ನು ಅದು ಒಂದು ಕ್ಷಣದಲ್ಲಿ ಅಳಿಸಿಬಿಡುತ್ತದೆ.

ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ಕಣ್ಣನ್ನು ನೋಡಿ. ಕರಿಗುಡ್ಡೆಯಲ್ಲಿ ಪುಟ್ಟದೊಂದು ಕಿಟಕಿ ಇರುತ್ತದೆ! ಆ ಹೊಳಪೇ ಮುಖಕ್ಕೆ ಜೀವ. ಇನ್ನು ಮುಂದೆ ಯಾವ ಒಳ್ಳೆಯ ಮುಖಚಿತ್ರ ಕಂಡರೂ ಈ ಆಟ ಆಡಿ: ಕಣ್ಣಿನ ಹೊಳಪು, ಮೂಗಿನ ನೆರಳು ನೋಡಿ, ಬೆಳಕು ಯಾವ ಕಡೆಯಿಂದ ಬಂತೆಂದು ಪತ್ತೆ ಮಾಡಿ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರು ಕಪ್ಪು–ಬಿಳುಪಿನಲ್ಲಿ ತೆಗೆದ ಜನಸಾಮಾನ್ಯರ ಮತ್ತು ಮಕ್ಕಳ ಚಿತ್ರಗಳು ಸಿಕ್ಕರೆ ಅವುಗಳಿಂದ ಆರಂಭಿಸಿ. 1977ರಲ್ಲಿ ಪದ್ಮಶ್ರೀ ಪಡೆದ ಅವರ ಆತ್ಮಕಥೆಯ ಹೆಸರೇ ‘ಕಾಲಕ್ಕೆ ಕನ್ನಡಿ’.

ಕಳೆದ ವರ್ಷ ನನ್ನ ಅಕ್ಕ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಗುಬ್ಬಿ ಕಡೆಯ ನಮ್ಮ ಹಳ್ಳಿಯಿಂದ ಬಂದು ಒಂದು ತಿಂಗಳು ನಮ್ಮಲ್ಲಿದ್ದಳು. ಎಂಬತ್ತು ದಾಟಿದವಳು. ಫೋಟೋ ಎಂದರೆ ಅವಳಿಗೆ ಆಗದು. ‘ಫ್ಲ್ಯಾಶ್ ಬಿಟ್ಟು ಬೆದರಿಸ್ತಾರೆ, ಬೆದರಿದ ಮುಖ ತೋರಿಸಿ ನೀನೇ ಅಂತಾರೆ’ ಎನ್ನುತ್ತಿದ್ದಳು. ಎಂಟನೆಯ ತರಗತಿಯ ನನ್ನ ಮೊಮ್ಮಗಳು ಒಂದು ಮಧ್ಯಾಹ್ನ ಪೂರ್ವದ ಕಿಟಕಿಯ ಪಕ್ಕ ಅವಳನ್ನು ಕೂರಿಸಿ, ಅವರೆಕಾಯಿ ಸುಲಿಯಲು ಕೊಟ್ಟಳು. ಸುಲಿಯುತ್ತಾ, ಊರಿನ ಜಾತ್ರೆಯ ಕಥೆ ಹೇಳುತ್ತಾ ಅಕ್ಕ ಫೋನನ್ನು ಮರೆತಳು. ಕಥೆಯ ನಡುವೆ ತಲೆ ಎತ್ತಿದಾಗ ಮಗು ಚಿತ್ರ ತೆಗೆದಳು.

ತೋರಿಸಿದಾಗ ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಕರೆದು, ‘ಇದು ಅಮ್ಮ ಅಲ್ವೇನೋ?’ ಎಂದಳು.

ನಮ್ಮ ಅಮ್ಮನದು ಒಂದೂ ಫೋಟೋ ಇಲ್ಲ. ಅಕ್ಕನ ಮದುವೆಯಲ್ಲಿ ಗುಂಪಿನ ಚಿತ್ರ ತೆಗೆಯುವ ಹೊತ್ತಿಗೆ ಅಮ್ಮ ಅಡುಗೆಮನೆಯಲ್ಲಿದ್ದಳು. ನಾನು ಕೆಲಸಕ್ಕೆ ಸೇರಿದ ವರ್ಷವೇ ತೀರಿಕೊಂಡಳು. ಅವಳ ಮುಖ ಇದ್ದದ್ದು ನಮ್ಮಿಬ್ಬರ ತಲೆಯೊಳಗೆ ಮಾತ್ರ. ನಾವಿಬ್ಬರೂ ಹೋದರೆ ಅದೂ ಇಲ್ಲ. ಅಂದು ಅಕ್ಕ ಫೋನಿನ ಮೇಲೆ ಬೆರಳಿಟ್ಟು ಮೊಮ್ಮಗಳಿಗೆ ಹೇಳಿಕೊಟ್ಟಳು: ‘ಗದ್ದ ಇದೇ. ಹಣೆ ಇದೇ. ಕಣ್ಣಿನ ಕೆಳಗೆ ಹೀಗೇ ಚೀಲ ಇತ್ತು. ಮೂಗು ಮಾತ್ರ ನಮ್ಮಪ್ಪಂದು, ಅದನ್ನು ಬಿಟ್ಟು ನೋಡು, ಅವಳೇ ನಿನ್ನ ಮುತ್ತಜ್ಜಿ.’ ಮಗು ಆ ಮೂಗಿನ ಮೇಲೆ ಬೆರಳು ಮುಚ್ಚಿ ಮುತ್ತಜ್ಜಿಯನ್ನು ನೋಡಿದಳು. ಫ್ಲ್ಯಾಶ್ ಹಾಕಿ ತೆಗೆದಿದ್ದರೆ ಆ ಹಣೆಯ ಏರಾಗಲಿ, ಕಣ್ಣಿನ ಕೆಳಗಿನ ಚೀಲವಾಗಲಿ ಕಾಣುತ್ತಲೇ ಇರಲಿಲ್ಲ. ಎದುರಿನಿಂದ ಹೊಡೆಯುವ ಬೆಳಕು ಮುಖವನ್ನು ಚಪ್ಪಟೆ ಮಾಡಿಬಿಡುತ್ತದೆ.

ಕೆಲವು ಮನೆಗಳಲ್ಲಿ ವಯಸ್ಸಾದವರ ಮುಖಚಿತ್ರ ತೆಗೆಯುವುದು ಅಪಶಕುನ ಎನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ನನ್ನದನ್ನು ನಾನೇ ಹೇಳಿ ತೆಗೆಸಿಕೊಂಡಿದ್ದೇನೆ. ಇನ್ನೊಂದು ಉಪಯೋಗವನ್ನೂ ಪಿಂಚಣಿದಾರ ಗೆಳೆಯರಿಗೆ ಹೇಳುತ್ತೇನೆ. ನವೆಂಬರಿನ ಜೀವನ ಪ್ರಮಾಣ ಪತ್ರವನ್ನು ಈಗ ಮನೆಯಲ್ಲೇ ಕೂತು ಫೋನಿಗೆ ಮುಖ ತೋರಿಸಿ ಕೊಡಬಹುದು. ಮುಖ ಗುರುತಿಸಲು ಫೋನು ತಕರಾರು ಮಾಡಿದರೆ ಕಿಟಕಿಗೆ ಎದುರಾಗಿ ಕೂತು ನೋಡಿ.

ಕೊನೆಗೆ ಗುಮಾಸ್ತನ ಒಂದು ಮಾತು. ಫೋನಿನಲ್ಲಿರುವ ಸಾವಿರ ಚಿತ್ರ ಫೋನಿನೊಂದಿಗೇ ಹೋಗಬಹುದು. ಒಳ್ಳೆಯದೊಂದನ್ನು ಆರಿಸಿ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಹಿಂದುಗಡೆ ಹೆಸರು, ಊರು, ತಾರೀಕು, ತೆಗೆದವರು ಯಾರು ಎಂಬುದನ್ನು ಮಾರ್ಕರ್ ಪೆನ್ನಿನಿಂದ ಮೆಲ್ಲಗೆ ಬರೆಯಿರಿ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಖದ ಮೇಲೆ ಗೆರೆ ಮೂಡುತ್ತದೆ. ಹೆಸರಿಲ್ಲದ ಹಳೆಯ ಫೋಟೋ ಸಹಿಯಿಲ್ಲದ ಚೆಕ್ಕಿನಂತೆ. ಮೊತ್ತ ಎಷ್ಟೇ ದೊಡ್ಡದಿದ್ದರೂ ಮುಂದಿನವರಿಗೆ ನಗದಾಗುವುದಿಲ್ಲ.

ಈ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ನಿಮ್ಮ ಮನೆಯ ಯಾವ ಕಿಟಕಿಯಲ್ಲಿ ಬೆಳಕು ಮೆತ್ತಗಿದೆ ಎಂದು ಹುಡುಕಿ. ಅಡುಗೆಮನೆಯಲ್ಲಿರುವವರನ್ನು ಮೊದಲು ಕರೆಯಿರಿ.