ಸಂಗೀತ ಮಹಲಿನಲ್ಲಿ ಒಂದು ಚಿತ್ರ

ವಿಜಾಪುರಕ್ಕೆ ಪ್ರವಾಸ ಹೋದ ಶಾಲಾ ಮಕ್ಕಳು ಮೊದಲು ಮಾಡುವ ಕೆಲಸವೆಂದರೆ ಕೂಗುವುದು. ಗೋಳಗುಮ್ಮಟದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತಾ ಹತ್ತಿ, ತಮ್ಮ ಹೆಸರನ್ನೇ ಕೂಗಿ, ಅದು ಮತ್ತೆ ಮತ್ತೆ ಮರಳುವುದನ್ನು ಕೇಳಿ ನಗುತ್ತಾರೆ. ವಿಜ್ಞಾನದ ಮೇಷ್ಟ್ರಾದ ನನಗೂ ಅದು ಪ್ರಿಯವಾದ ಜಾಗ. ಪ್ರತಿಧ್ವನಿ ಸ್ಪಷ್ಟವಾಗಿ ಕೇಳಬೇಕಾದರೆ ಎದುರಿನ ಗೋಡೆ ಸುಮಾರು 17 ಮೀಟರಾದರೂ ದೂರವಿರಬೇಕು ಎಂಬ ಪಾಠವನ್ನು, ಒಳಗೆ ಸುಮಾರು 38 ಮೀಟರ್ ಅಗಲವಿರುವ ಆ ಗುಮ್ಮಟಕ್ಕಿಂತ ಚೆನ್ನಾಗಿ ಯಾವ ಕರಿಹಲಗೆಯೂ ಕಲಿಸಲಾರದು. ಹಾಗಾಗಿ ಎಷ್ಟೋ ವರ್ಷ ಗುಮ್ಮಟ ತೋರಿಸಿ, ಮಲಿಕ್-ಎ-ಮೈದಾನ್ ತೋಪು ಮುಟ್ಟಿಸಿ, ಮಕ್ಕಳನ್ನು ಬಸ್ಸು ಹತ್ತಿಸಿದ್ದೇನೆ. ಅದೇ ಊರಿನಲ್ಲಿ ಧ್ವನಿಯ ಇನ್ನೊಂದು ಪಾಠವಿದೆ ಎಂದು ತಿಳಿದದ್ದು ತಡವಾಗಿ.

2014ರಿಂದ ಊರಿನ ಅಧಿಕೃತ ಹೆಸರು ವಿಜಯಪುರ. ಇಲ್ಲಿಂದ ಅಥಣಿ ರಸ್ತೆಯಲ್ಲಿ ಆರೇಳು ಕಿಲೋಮೀಟರ್ ಹೋದರೆ ತೊರವೆ. ಭಾಮಿನಿ ಷಟ್ಪದಿಯಲ್ಲಿ ‘ತೊರವೆ ರಾಮಾಯಣ’ ರಚಿಸಿದ ಕುಮಾರ ವಾಲ್ಮೀಕಿ, ಅಂದರೆ ನರಹರಿ ಕವಿಯ ಊರು ಇದು. ಅವನ ಆರಾಧ್ಯದೈವ ನರಸಿಂಹನ ಗುಡಿ ಇಲ್ಲಿದೆ. ಇದೇ ಪರಿಸರದಲ್ಲಿ ನವರಸಪುರದ ಅವಶೇಷಗಳಿವೆ.

ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲಶಾಹನ ತಂದೆ ಎರಡನೇ ಇಬ್ರಾಹಿಂ. 1580ರಿಂದ 1627ರವರೆಗೆ ಆಳಿದವನು. 1599ರಲ್ಲಿ ಅವನು ನವರಸಪುರವನ್ನು ಕಟ್ಟಿಸತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಸಿಕ್ಕಿ ಅದು ಹಾಳಾಯಿತು. ಉಳಿದಿರುವುದರಲ್ಲಿ ಮುಖ್ಯವಾದದ್ದು ಸಂಗೀತ ಮಹಲ್. ಕೋಟೆಯೊಳಗಿನ ಗಗನ ಮಹಲನ್ನೇ ಚಿಕ್ಕದು ಮಾಡಿದಂತೆ ಕಾಣುವ ದೊಡ್ಡ ಕಮಾನು, ಎದುರಿಗೆ ಹೊಂಡ.

ನಮ್ಮ ಮಕ್ಕಳು ಅಲ್ಲಿ ಇಳಿದವರೇ ಅಭ್ಯಾಸಬಲದಿಂದ ಕೂಗಿದರು. ಗುಮ್ಮಟದ ಉತ್ತರ ಬರಲಿಲ್ಲ. “ಇಲ್ಲಿ ಏನೂ ಇಲ್ಲವಲ್ಲ ಸಾರ್” ಎಂದ ಒಬ್ಬ ಹುಡುಗ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಇಲ್ಲಿರಬೇಕಾದದ್ದು ಇಲ್ಲಿಲ್ಲ. ಅದಕ್ಕೇ ಒಂದು ಬಣ್ಣದ ಪ್ರತಿಯನ್ನು ಚೀಲದಲ್ಲಿ ತಂದಿದ್ದೆ.

ಅದು ವೀಣೆ ಹಿಡಿದು ಬಂಗಾರದ ಸಿಂಹಾಸನದಲ್ಲಿ ಕುಳಿತ ಸರಸ್ವತಿಯ ಮಿನಿಯೇಚರ್ ಚಿತ್ರ. ಸುಮಾರು 1604ರಲ್ಲಿ ಇಬ್ರಾಹಿಮನ ಆಸ್ಥಾನದ ಕಲಾವಿದ ಫರ‍್ರುಖ್ ಹುಸೇನ್ ಬರೆದದ್ದು. ಮೂಲಚಿತ್ರ ಜೈಪುರದ ಅರಮನೆಯ ಸಂಗ್ರಹ ಸೇರಿದೆ.

“ಸುಲ್ತಾನರಿಗೆ ಸರಸ್ವತಿ ಯಾಕೆ ಸಾರ್?” ಎಂಬ ಪ್ರಶ್ನೆ ಬಂದೇ ಬಂತು. ಇಬ್ರಾಹಿಂ ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ಬರೆದ. ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯಿದೆ. ಸೂಫಿ ಸಂತ ಗೇಸುದರಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟು ಅದನ್ನೂ ಹಾಡಿದ್ದಾನೆ. ಜನ ಅವನನ್ನು ‘ಜಗದ್ಗುರು’ ಎಂದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅವನ ಚಿತ್ರದಲ್ಲಿ ಕೈಯಲ್ಲಿರುವುದು ಕತ್ತಿಯಲ್ಲ, ತಾಳ ಹಾಕುವ ಚಿಟಿಕೆ. ಅವನಿಗೆ ಸಂಗೀತವೇ ಪೂಜೆಯಾಗಿತ್ತು. ಆ ಪೂಜೆಗೆ ವಿದ್ಯೆಯ ತಾಯಿ ಬೇಡವೇ?

ಇಂಥ ಚಿತ್ರದ ಹಿಂದೆ ರಸಾಯನಶಾಸ್ತ್ರವೂ ಇದೆ. ಕೈಕಾಗದದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಅಳಿಲಿನ ಕೂದಲಿನ ಕುಂಚ. ಆಫ್ಘಾನಿಸ್ತಾನದ ನೀಲಿಕಲ್ಲನ್ನು ಅರೆದರೆ ನೀಲಿ, ತಾಮ್ರದ ಅದಿರಿನಿಂದ ಹಸಿರು, ಪಾದರಸದ ಅದಿರಿನಿಂದ ಕೆಂಪು. ಎಲ್ಲಕ್ಕೂ ಅಂಟು ಗೋಂದು. ಚಿನ್ನದ ಹಾಳೆಯನ್ನೂ ಅರೆದು ಬಣ್ಣವಾಗಿ ಬಳಸುತ್ತಿದ್ದರು. ಗಾಳಿ ತಾಗಿ ಚಿನ್ನ ಕಪ್ಪಾಗುವುದಿಲ್ಲ. ಅಂಗೈಯಗಲದ ಕಾಗದ ನಾನೂರು ವರ್ಷ ಹೊಳೆಯುವುದಕ್ಕೆ ಅದೂ ಒಂದು ಕಾರಣ.

“ಆದರೆ ಚಿತ್ರದಲ್ಲಿ ಶಬ್ದ ಇಲ್ಲವಲ್ಲ?” ಎಂದ ಅದೇ ಹುಡುಗ. ತರಗತಿಯಲ್ಲಿ ಮಾಡಿದ್ದ ಪ್ರಯೋಗವನ್ನು ನೆನಪಿಸಿದೆ. ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆ ಇಟ್ಟು ಗಾಳಿ ತೆಗೆಯುತ್ತಾ ಹೋದರೆ ಸದ್ದು ಅಡಗುತ್ತದೆ. ಸುತ್ತಿಗೆ ಬಡಿಯುವುದು ಮಾತ್ರ ಕಾಣುತ್ತದೆ. ಆಗ ನಿಮ್ಮ ಮನಸ್ಸು ಆ ಸದ್ದನ್ನು ತಾನೇ ತುಂಬಿಕೊಳ್ಳಲಿಲ್ಲವೇ? ನಮ್ಮ ಚಿತ್ರಕಾರರು ನೆಚ್ಚಿದ್ದು ಅದನ್ನೇ. ರಾಗಗಳನ್ನೇ ಚಿತ್ರಿಸುವ ‘ರಾಗಮಾಲೆ’ ಎಂಬ ಪ್ರಕಾರವೇ ಬೆಳೆಯಿತು. ಹಿಂದೋಲವೆಂದರೆ ಉಯ್ಯಾಲೆ, ಆ ರಾಗಕ್ಕೆ ಉಯ್ಯಾಲೆಯನ್ನೇ ಬರೆದರು. ದಖ್ಖನ್ನಿನ ಅಂಥ ಚಿತ್ರವೊಂದು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಪ್ರತಿ ಕೈಯಿಂದ ಕೈಗೆ ಹೋಯಿತು. ಸಂಗೀತ ಕಲಿಯುತ್ತಿರುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಯಾರೂ ಕೇಳದಿದ್ದರೂ ಕಮಾನಿನ ಕೆಳಗೆ ಕುಳಿತು ಕಲ್ಯಾಣಿಯ ಆಲಾಪ ಶುರು ಮಾಡಿದಳು. ಬೆಳಗಿನಿಂದ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ ನಲವತ್ತು ಮಕ್ಕಳು ಸದ್ದಿಲ್ಲದೆ ಕುಳಿತರು. ‘ಏನೂ ಇಲ್ಲ’ ಎಂದಿದ್ದ ಹುಡುಗ ಚಿತ್ರವನ್ನು ಮತ್ತೊಮ್ಮೆ ಕೇಳಿ ಇಸಿದುಕೊಂಡ.

ಗುಮ್ಮಟದಲ್ಲಿ ನಮ್ಮ ದನಿಯೇ ನಮಗೆ ಮರಳುತ್ತದೆ, ಅದೂ ಬೇಕು. ಆದರೆ ಇನ್ನೊಬ್ಬರ ದನಿಗೆ ಕಿವಿಗೊಡುವುದನ್ನೂ ಮಕ್ಕಳು ಕಲಿಯಬೇಕಲ್ಲ. ಅಷ್ಟು ವರ್ಷ ನಾನು ಅರ್ಧ ಪಾಠವನ್ನಷ್ಟೇ ಮಾಡಿದ್ದೆ.

ವಿಜಯಪುರಕ್ಕೆ ಹೋಗುವ ತಂದೆತಾಯಂದಿರು, ಶಿಕ್ಷಕರು ತೊರವೆಗೆ ಎರಡು ಗಂಟೆ ಮೀಸಲಿಡಿ. ಬಿಸಿಲೇರುವ ಮೊದಲೇ ಹೋಗಿ, ನೀರು, ಬುತ್ತಿ ಜೊತೆಗಿರಲಿ. ಸರಸ್ವತಿಯ ಆ ಚಿತ್ರದ ಒಂದು ಪ್ರತಿಯನ್ನೂ ಮರೆಯದೆ ಒಯ್ಯಿರಿ.