ಮೊದಲ ಗಿಟಾರ್: ಒಬ್ಬ ತಂದೆ, ಒಬ್ಬ ಮಗ

ಎಳೆಯರ ಕೈಗೆ ಮೊದಲ ವಾದ್ಯವನ್ನು ಕೊಡುವ ಹಿರಿಯರು ತಾವು ಕೊಡುತ್ತಿರುವುದು ಏನೆಂಬುದನ್ನು ಪೂರ್ತಿಯಾಗಿ ಬಲ್ಲರೆಂದು ಹೇಳಲಾಗದು. ಅಕ್ಷರ ಕಲಿಸಿದ ಗುರುವಿಗೆ ಆ ಮಗು ಮುಂದೆ ಏನನ್ನು ಓದೀತು, ಏನನ್ನು ಬರೆದೀತು ಎಂಬುದು ಹೇಗೆ ತಿಳಿದಿರುವುದಿಲ್ಲವೋ ಹಾಗೆಯೇ ತಂತಿ ಮೀಟಲು ಕಲಿಸಿದವನಿಗೂ ಆ ನಾದವು ಮಗುವನ್ನು ಎಲ್ಲಿಗೆ ಕರೆದೊಯ್ದೀತೆಂಬುದು ತಿಳಿದಿರುವುದಿಲ್ಲ. ಹೀಗಿದ್ದರೂ ಮೊದಲ ವಾದ್ಯದ ಮಾತು ಬಂದಾಗ ಮನೆಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಬೆಲೆಯ ಸುತ್ತಲೇ ತಿರುಗುತ್ತದೆ. ವಿದ್ಯುತ್ ಗಿಟಾರಿನ ವಿಷಯದಲ್ಲಂತೂ ಈ ಮಾತು ಇನ್ನಷ್ಟು ನಿಜ. ಹುಡುಗನ ಕಣ್ಣು ಅಂಗಡಿಯ ಗೋಡೆಗೆ ತೂಗುಹಾಕಿದ ಕೆಂಪು, ನೀಲಿ, ಕಪ್ಪು ಮೆರುಗುಗಳ ಮೇಲೆ. ತಂದೆಯ ಕಣ್ಣು ಅದಕ್ಕೆ ಕಟ್ಟಿದ ಬೆಲೆಯ ಚೀಟಿಯ ಮೇಲೆ. ವಾದ್ಯವನ್ನು ವಾದ್ಯವಾಗಿ ನೋಡುವವರು ಅವರಿಬ್ಬರಲ್ಲಿ ಒಬ್ಬರೂ ಇರುವುದಿಲ್ಲ.

ಈ ವಾದ್ಯದ ಒಳಗುಟ್ಟು ಪ್ರೌಢಶಾಲೆಯ ಭೌತಶಾಸ್ತ್ರ ಓದಿದವರಿಗೆ ಅಪರಿಚಿತವೇನಲ್ಲ. 1831ರಲ್ಲಿ ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಅದರ ಆಧಾರ. ಅಯಸ್ಕಾಂತದ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, ಅದನ್ನು ವಾದ್ಯದ ಉಕ್ಕಿನ ತಂತಿಗಳ ಕೆಳಗೆ ಕೂರಿಸುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿ ಕಂಪಿಸಿದೊಡನೆ ಕಾಂತಕ್ಷೇತ್ರ ಅಲುಗಾಡಿ, ಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ಬಲಪಡಿಸಿ ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ವೀಣೆಗೆ ನಾದ ತುಂಬಿಕೊಳ್ಳಲು ಕೊಡ ಬೇಕು. ಈ ವಾದ್ಯದ ಒಡಲು ಗಟ್ಟಿ ಮರದ ಹಲಗೆಯಾದರೂ ನಡೆಯುತ್ತದೆ. ಆದುದರಿಂದ ಗಿಟಾರ್ ಒಂದನ್ನೇ ಕೊಂಡು ಮನೆಗೆ ಬಂದವನು ಅರ್ಧ ವಾದ್ಯವನ್ನು ಮಾತ್ರ ಕೊಂಡಂತೆ. ಉಳಿದರ್ಧವಾದ ಆಂಪ್ಲಿಫೈಯರಿಗೂ ಹಣವನ್ನು ತೆಗೆದಿಡದೆ, ಇದ್ದುದನ್ನೆಲ್ಲ ಗಿಟಾರಿಗೇ ಸುರಿಯುವುದು ಹೊಸಬರು ಮಾಡುವ ಮೊದಲ ತಪ್ಪು.

ಬಲ್ಲವರು ಹೊಸಬನಿಗೆ ಹೇಳುವ ಮಾತುಗಳು ಮಿತವಾದವು. ದಂಡಿಯು ಎಡಗೈಯ ಹಿಡಿತಕ್ಕೆ ಒಗ್ಗಬೇಕು. ಮೆಟ್ಟುಗಳ ತುದಿ ಅಂಗೈಯನ್ನು ಕೊರೆಯಬಾರದು. ತಂತಿಗಳು ಮೆಟ್ಟುಗಳಿಂದ ಬಹಳ ಮೇಲಿದ್ದರೆ ಎಳೆಯ ಬೆರಳು ಒಂದು ವಾರದಲ್ಲಿ ಸೋಲುತ್ತದೆ. ತೀರ ಕೆಳಗಿದ್ದರೆ ಮೆಟ್ಟುಗಳಿಗೆ ತಾಗಿ ಗರಗರ ಎನ್ನುತ್ತದೆ. ಹನ್ನೆರಡನೆಯ ಮೆಟ್ಟಿನಲ್ಲಿ ತಂತಿಯನ್ನು ಒತ್ತಿ ನುಡಿಸಿದ ಸ್ವರವೂ, ಅದೇ ಜಾಗದಲ್ಲಿ ಬೆರಳನ್ನು ಹಗುರವಾಗಿ ತಾಗಿಸಿ ಹೊರಡಿಸಿದ ಸ್ವರವೂ ಒಂದೇ ಆಗಿ ಕೇಳಿಸಬೇಕು. ಹಾಗಿಲ್ಲದಿದ್ದರೆ ಕುದುರೆಯನ್ನು ಸರಿಪಡಿಸಿಕೊಡುವಂತೆ ಅಂಗಡಿಯವನನ್ನು ಕೇಳಬೇಕು. ಬಿರಡೆಗಳು ಶ್ರುತಿಯನ್ನು ಹಿಡಿದು ನಿಲ್ಲಿಸಬೇಕು. ಇಷ್ಟು ಸರಿಯಿದ್ದರೆ ಬಣ್ಣವನ್ನು ಹುಡುಗನ ಇಚ್ಛೆಗೆ ಬಿಡಬಹುದು. ಅದೂ ಕ್ಷುಲ್ಲಕವಲ್ಲ, ನೋಡಿದಾಗಲೆಲ್ಲ ಕೈಗೆತ್ತಿಕೊಳ್ಳಬೇಕೆನಿಸುವ ವಾದ್ಯವೇ ದಿನವೂ ನುಡಿಯುವ ವಾದ್ಯ.

ಆದರೆ ಅಂಗಡಿಯಲ್ಲಿ ಆಯ್ದುಕೊಳ್ಳುವ ಶಕ್ತಿಯೇ ಇಲ್ಲದ ಮನೆಗಳೂ ಉಂಟು. ಅಂತಹ ಒಂದು ಮನೆಯ ಕಥೆ ಹೊಸಬರೆಲ್ಲರೂ, ಅವರಿಗಿಂತ ಹೆಚ್ಚಾಗಿ ಅವರ ಹಿರಿಯರೂ ತಿಳಿಯತಕ್ಕದ್ದಾಗಿದೆ.

ಲಂಡನ್ನಿನ ಪಶ್ಚಿಮಕ್ಕಿರುವ ಫೆಲ್ಥಮ್ ಎಂಬಲ್ಲಿ ಹೆರಾಲ್ಡ್ ಮೇ ಎಂಬವರ ಚಿಕ್ಕ ಸಂಸಾರವಿತ್ತು. ಅವರು ಸರ್ಕಾರದ ವಿಮಾನಯಾನ ಸಚಿವಾಲಯದಲ್ಲಿ ನಕ್ಷಾಕಾರರು; ಎಲೆಕ್ಟ್ರಾನಿಕ್ಸ್ ಬಲ್ಲವರು; ಮನೆಗೆ ಬೇಕಾದುದನ್ನು ಸಾಧ್ಯವಾದಷ್ಟು ತಮ್ಮ ಕೈಯಿಂದಲೇ ಮಾಡಿಕೊಳ್ಳುವವರು. 1947ರಲ್ಲಿ ಹುಟ್ಟಿದ ಒಬ್ಬನೇ ಮಗ ಬ್ರಿಯಾನ್. ಯುಕುಲೇಲೆಯೆಂಬ ಪುಟ್ಟ ತಂತಿವಾದ್ಯದ ಮೇಲೆ ಮಗನ ಬೆರಳುಗಳನ್ನು ಮೊದಲು ಕೂರಿಸಿದವರು ತಂದೆಯೇ. ಏಳನೆಯ ಹುಟ್ಟುಹಬ್ಬಕ್ಕೆ ಅವನಿಗೊಂದು ಸಾಧಾರಣ ಗಿಟಾರ್ ದೊರೆಯಿತು. ಅದರ ತಂತಿಗಳು ಎತ್ತರವಾಗಿದ್ದುದರಿಂದ ಬಾಲಕನು ಕುದುರೆಯನ್ನು ಕತ್ತರಿಸಿ ತಗ್ಗಿಸಿಕೊಂಡನು. ಮುಂದೆ ಅಯಸ್ಕಾಂತಗಳಿಗೆ ತಾಮ್ರದ ತಂತಿ ಸುತ್ತಿ ಅದಕ್ಕೊಂದು ಪಿಕಪ್ಪನ್ನೂ ಮಾಡಿ, ತಂದೆ ಕಟ್ಟಿದ ರೇಡಿಯೋಗ್ರಾಮಿನ ಮೂಲಕ ನುಡಿಸಿದನು.

ಹದಿಹರೆಯಕ್ಕೆ ಬರುವಷ್ಟರಲ್ಲಿ ಅವನಿಗೆ ನಿಜವಾದ ವಿದ್ಯುತ್ ಗಿಟಾರ್ ಬೇಕಾಯಿತು. ಅಮೆರಿಕದ ಫೆಂಡರ್ ಕಂಪನಿ 1954ರಲ್ಲಿ ಹೊರತಂದಿದ್ದ ಸ್ಟ್ರಾಟೊಕಾಸ್ಟರ್ ಆ ಕಾಲದ ಹುಡುಗರ ಕನಸಾಗಿತ್ತು. ಅದರ ಬೆಲೆ ಆ ಸಂಸಾರಕ್ಕೆ ಎಟುಕುವಂಥದಾಗಿರಲಿಲ್ಲ. ಇಂತಹ ಸಂದರ್ಭದಲ್ಲಿ ಬಡ ತಂದೆಯ ಬಾಯಿಂದ ಬರುವ ಸಹಜವಾದ ಉತ್ತರ ‘ಇಲ್ಲ’ ಎಂಬುದು. ಹೆರಾಲ್ಡ್ ಅವರ ಮನೆಯಲ್ಲಿ ಆದ ತೀರ್ಮಾನ ಬೇರೆ: ಕೊಳ್ಳಲಾಗದುದನ್ನು ಮಾಡಬೇಕು.

1963ರ ಆಗಸ್ಟ್ ತಿಂಗಳಲ್ಲಿ ತಂದೆ ಮಗ ಇಬ್ಬರೂ ಮನೆಯ ಒಂದು ಕೋಣೆಯಲ್ಲಿ ಕೆಲಸಕ್ಕೆ ಕುಳಿತರು. ಪರಿಚಿತರೊಬ್ಬರು ಎಸೆಯಲಿದ್ದ, ನೂರು ವರ್ಷಕ್ಕೂ ಹಳೆಯದಾದ ಅಗ್ಗಿಷ್ಟಿಕೆಯ ಮಹಾಗನಿ ಚೌಕಟ್ಟು ದಂಡಿಯಾಯಿತು. ಮರದಲ್ಲಿ ಹುಳು ಕೊರೆದ ತೂತುಗಳಿದ್ದವು. ಅವನ್ನು ಬೆಂಕಿಕಡ್ಡಿಗಳಿಂದ ತುಂಬಿದರು. ಹಳೆಯ ಮೇಜಿನ ಓಕ್ ಮರ ಒಡಲಿಗೆ ಬಂದಿತು. ಮೆಟ್ಟುಗಳ ನಡುವೆ ಗುರುತಿಗಾಗಿ ಕೂರಿಸಿದ ಬಿಳಿಯ ಚುಕ್ಕೆಗಳು ತಾಯಿಯ ಹೊಲಿಗೆಯ ಡಬ್ಬಿಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು. ನುಡಿಸುವಾಗ ಸ್ವರವನ್ನು ತೂಗಾಡಿಸಲೆಂದು ಕುದುರೆಯ ಬಳಿ ಚಾಕುವಿನ ಅಲಗಿನಂತಹ ಅಂಚಿನ ಮೇಲೆ ಒಲೆಯುವ ಉಕ್ಕಿನ ತಗಡೊಂದನ್ನು ಅಳವಡಿಸಿ, ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ನಿನ ಸ್ಪ್ರಿಂಗುಗಳನ್ನು ಅದಕ್ಕೆ ಕೊಟ್ಟರು. ಅದರ ಹಿಡಿಕೆ ಸೈಕಲ್ಲಿನ ಚೀಲ ತೂಗುಹಾಕುವ ಕಂಬಿ. ಹಿಡಿಕೆಯ ತುದಿ ತಾಯಿಯ ಹೆಣಿಗೆಯ ಕಡ್ಡಿಯದು. ದಂಡಿಯ ಆಕಾರವನ್ನು ಕೈಯುಪಕರಣಗಳಿಂದಲೇ ಕೆತ್ತಿ ತೆಗೆದರು. ಕೆಲಸ ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು. ಒಟ್ಟು ಖರ್ಚು ಸುಮಾರು 8 ಪೌಂಡುಗಳೆಂದು ಹೇಳುವುದುಂಟು.

ಈ ಕಥೆಯಲ್ಲಿ ಸೋಲಿಗೂ ಸ್ಥಾನವಿದೆ. ಮಗನು ಮೊದಲು ತನ್ನ ಕೈಯಿಂದಲೇ ಸುತ್ತಿ ಮಾಡಿದ ಪಿಕಪ್ಪುಗಳು ಇಂಪಾಗಿಯೇ ನುಡಿದವು. ಆದರೆ ಗಮಕಕ್ಕೆಂಬಂತೆ ತಂತಿಯನ್ನು ಪಕ್ಕಕ್ಕೆ ಎಳೆದಾಗ ಬೇಡದ ಸದ್ದೊಂದು ಸೇರಿಕೊಳ್ಳುತ್ತಿತ್ತು. ಅಕ್ಕಪಕ್ಕದ ಅಯಸ್ಕಾಂತಗಳ ಧ್ರುವಗಳು ಉತ್ತರ ದಕ್ಷಿಣವಾಗಿ ಬದಲಾಗುತ್ತಿದ್ದುದೇ ಅದಕ್ಕೆ ಕಾರಣ. ತನ್ನ ಕೈಯ ಕೆಲಸವೆಂಬ ಅಭಿಮಾನಕ್ಕೆ ಜೋತುಬೀಳದೆ ಅವನು ಅವನ್ನು ತೆಗೆದುಹಾಕಿದನು. ಬರ್ನ್ಸ್ ಎಂಬ ಇಂಗ್ಲಿಷ್ ಕಂಪನಿಯ ಮೂರು ಪಿಕಪ್ಪುಗಳನ್ನು ಹಣ ಕೊಟ್ಟು ತಂದು, ಕೀರಲು ಸದ್ದು ಹೊರಡದಂತೆ ಅಂಟಿನಿಂದ ತುಂಬಿ ಕೂರಿಸಿದನು. ಯಾವುದನ್ನು ಮಾಡಿಕೊಳ್ಳಬಹುದು, ಯಾವುದನ್ನು ಕೊಳ್ಳಲೇಬೇಕು ಎಂಬ ವಿವೇಕವೂ ಆ ಕೋಣೆಯಲ್ಲಿ ದೊರೆತ ಪಾಠಗಳಲ್ಲಿ ಒಂದು. ಹೀಗೆ ಸಿದ್ಧವಾದ ಕೆಂಗಂದು ಬಣ್ಣದ ಆ ವಾದ್ಯಕ್ಕೆ ‘ರೆಡ್ ಸ್ಪೆಷಲ್’ ಎಂಬ ಹೆಸರು ನಿಂತಿತು.

ಇಷ್ಟಕ್ಕೇ ಮುಗಿದಿದ್ದರೆ ಇದು ಕುಶಲ ಕೈಗಳ ಕಥೆ ಮಾತ್ರ ಆಗುತ್ತಿತ್ತು. ಮಗನು ಓದಿನಲ್ಲೂ ಮುಂದಿದ್ದವನು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ ಪಡೆದು, ಗ್ರಹಗಳ ನಡುವೆ ಹರಡಿರುವ ಸೂಕ್ಷ್ಮ ಧೂಳನ್ನು ಕುರಿತು ಅಲ್ಲಿಯೇ ಸಂಶೋಧನೆಗೆ ತೊಡಗಿದನು. ಅದೇ ಕಾಲಕ್ಕೆ, 1970ರಲ್ಲಿ, ಗೆಳೆಯರೊಡನೆ ‘ಕ್ವೀನ್’ ಎಂಬ ವಾದ್ಯಗೋಷ್ಠಿಯನ್ನೂ ಕಟ್ಟಿದನು. ಎರಡೂ ದೋಣಿಗಳಲ್ಲಿ ಬಹುಕಾಲ ಕಾಲಿಡಲಾಗಲಿಲ್ಲ. ಡಾಕ್ಟರೇಟ್ ಮುಗಿಯುವ ಮೊದಲೇ 1974ರ ಸುಮಾರಿಗೆ ಸಂಶೋಧನೆಯನ್ನು ಬಿಟ್ಟು ಸಂಗೀತವನ್ನು ಹಿಡಿದನು.

ತಂದೆಗೆ ಇದು ಸಹಿಸಲಾಗದ ಪೆಟ್ಟಾಯಿತು. ಮಗನ ವಿದ್ಯೆಗಾಗಿ ತಮ್ಮ ಸುಖವನ್ನು ಹಿಂದಿಟ್ಟ ಯಾವ ತಂದೆಯ ಮನಸ್ಸಿಗೂ ಇದು ಅರ್ಥವಾಗದ ನೋವಲ್ಲ. ಒಂದು ವರ್ಷಕ್ಕೂ ಮಿಕ್ಕಿ ತಂದೆ ಮಗನ ನಡುವೆ ಸರಿಯಾದ ಮಾತುಕತೆಯೇ ಇರಲಿಲ್ಲವೆಂದು ಮುಂದೆ ಮಗನೇ ಹೇಳಿಕೊಂಡಿದ್ದುಂಟು. ಇಲ್ಲಿನ ವಿಪರ್ಯಾಸವನ್ನು ಗಮನಿಸಬೇಕು. ಯಾವ ದಾರಿಯನ್ನು ಕಂಡು ತಂದೆ ನೊಂದರೋ ಆ ದಾರಿಗೆ ಮಗನನ್ನು ಕರೆದೊಯ್ದ ವಾದ್ಯದ ಮರವನ್ನು ಅವರೇ ಕೊಯ್ದಿದ್ದರು, ಅವರೇ ಉಜ್ಜಿದ್ದರು. ಬಿಡುವಿನ ವೇಳೆಯ ಹವ್ಯಾಸವೆಂದು ಅವರು ಕೊಟ್ಟಿದ್ದನ್ನು ಮಗನು ಜೀವನವೆಂದು ಸ್ವೀಕರಿಸಿದ್ದನು.

1977ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ ‘ಕ್ವೀನ್’ ಗೋಷ್ಠಿಯ ಕಾರ್ಯಕ್ರಮ ನಡೆಯಿತು. ಮಗನು ತಂದೆತಾಯಿಗಳನ್ನು ಆಗಷ್ಟೇ ನ್ಯೂಯಾರ್ಕಿಗೆ ಹಾರತೊಡಗಿದ್ದ ಕಾಂಕಾರ್ಡ್ ವಿಮಾನದಲ್ಲಿ ಅಲ್ಲಿಗೆ ಕರೆಸಿಕೊಂಡನು. ತುಂಬಿದ ಸಭೆಯ ನಡುವೆ ಕುಳಿತು, ತಮ್ಮ ಮನೆಯ ಕೋಣೆಯಲ್ಲಿ ರೂಪುಗೊಂಡ ವಾದ್ಯದ ನಾದವನ್ನು ಆ ತಂದೆ ಕೇಳಿದರು. ಕಾರ್ಯಕ್ರಮದ ಅನಂತರ ಮಗನೊಡನೆ ಅವರು ಆಡಿದ ಮಾತಿನ ತಾತ್ಪರ್ಯ, ತನಗೆ ಈಗ ಅರ್ಥವಾಯಿತು ಎಂಬುದಷ್ಟೆ. ಅಷ್ಟೇ ಸಾಕಾಗಿತ್ತು.

ಹೆರಾಲ್ಡ್ ಮೇ 1988ರಲ್ಲಿ ತೀರಿಕೊಂಡರು. ವಾದ್ಯ ಉಳಿಯಿತು. 2002ರ ಜೂನ್ 3ರಂದು, ಎರಡನೆಯ ಎಲಿಜಬೆತ್ ರಾಣಿಯ ಆಳ್ವಿಕೆಯ ಐವತ್ತು ವರ್ಷಗಳ ಉತ್ಸವದಲ್ಲಿ ಬ್ರಿಯಾನ್ ಮೇ ಅವರು ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ಆ ದೇಶದ ರಾಷ್ಟ್ರಗೀತೆಯನ್ನು ಅದೇ ಗಿಟಾರಿನಲ್ಲಿ ನುಡಿಸಿದರು. ಹುಳು ತಿಂದ ಅಗ್ಗಿಷ್ಟಿಕೆಯ ಮರ ಅರಮನೆಯ ನೆತ್ತಿಯನ್ನೇರಿತು. ಇನ್ನೊಂದು ಸಂಗತಿ ತಂದೆಯವರಿಗೆ ಇದಕ್ಕಿಂತಲೂ ಹೆಚ್ಚು ಪ್ರಿಯವಾಗುತ್ತಿತ್ತೋ ಏನೋ. ಮೂವತ್ತಕ್ಕೂ ಹೆಚ್ಚು ವರ್ಷ ಪಕ್ಕಕ್ಕಿಟ್ಟಿದ್ದ ಸಂಶೋಧನೆಯನ್ನು ಮತ್ತೆ ಕೈಗೆತ್ತಿಕೊಂಡು, 2007ರಲ್ಲಿ, ತಮ್ಮ ಅರವತ್ತನೆಯ ವಯಸ್ಸಿನಲ್ಲಿ, ಅವರು ಅದೇ ಇಂಪೀರಿಯಲ್ ಕಾಲೇಜಿನಿಂದ ಡಾಕ್ಟರೇಟ್ ಪಡೆದರು. ಬಿಟ್ಟುಹೋಯಿತೆಂದು ತಂದೆ ನೊಂದ ವಿದ್ಯೆ ನಿಜವಾಗಿ ಬಿಟ್ಟುಹೋಗಿರಲಿಲ್ಲ. ಆದರೆ ಅದನ್ನು ನೋಡಲು ಅವರು ಇರಲಿಲ್ಲ.

ಪ್ರತಿಯೊಂದು ಮನೆಯಲ್ಲೂ ಗಿಟಾರನ್ನು ಕಟ್ಟಲಾಗದು, ಕಟ್ಟಬೇಕಾಗಿಯೂ ಇಲ್ಲ. ಇಂದು ಸಾಧಾರಣ ಬೆಲೆಗೂ ಹೊಸಬನಿಗೆ ತಕ್ಕ ವಾದ್ಯ ದೊರೆಯುತ್ತದೆ. ಈ ಕಥೆಯಿಂದ ತಿಳಿಯಬೇಕಾದುದು ಬೇರೆ. ಮೊದಲ ವಾದ್ಯವನ್ನು ಆರಿಸುವಾಗ ಹಿರಿಯರು ಹಣವನ್ನಷ್ಟೇ ಅಲ್ಲದೆ ತಮ್ಮ ಸಮಯವನ್ನೂ ಕೊಟ್ಟರೆ, ಮಗುವಿನ ಪಕ್ಕದಲ್ಲಿ ಕುಳಿತು ತಂತಿಯ ಎತ್ತರವನ್ನೂ ದಂಡಿಯ ಹಿಡಿತವನ್ನೂ ತಾವೂ ನೋಡಿದರೆ, ಅಗ್ಗದ ವಾದ್ಯವೂ ಬಹುಕಾಲ ಬಾಳುತ್ತದೆ. ಹಾಗಲ್ಲದೆ ಬೆಲೆಬಾಳುವುದನ್ನು ತಂದು ಕೈಗಿತ್ತು ದೂರ ಸರಿದರೆ, ಅದು ಕೆಲವೇ ತಿಂಗಳಲ್ಲಿ ಬೀರುವಿನ ಮೇಲೆ ಧೂಳು ತಿನ್ನುವ ಸಂಭವವೇ ಹೆಚ್ಚು.

ಎರಡನೆಯದಾಗಿ, ಕೊಟ್ಟ ಮೇಲೆ ಅದು ಕೊಟ್ಟವರದಲ್ಲ. ಮಕ್ಕಳಿಗೆ ಕಲಿಸುವ ತಂದೆತಾಯಿಗಳಿಗೂ, ಗುರುಗಳಿಗೂ, ಶಾಲೆಗೊಂದು ವಾದ್ಯವನ್ನೋ ಪುಸ್ತಕಗಳನ್ನೋ ಒಪ್ಪಿಸುವ ದಾನಿಗಳಿಗೂ ಈ ಮಾತು ಸಮನಾಗಿ ಸಲ್ಲುತ್ತದೆ. ಆ ವಿದ್ಯೆ ತಾವು ಎಣಿಸಿದ ದಾರಿಯಲ್ಲೇ ನಡೆಯಬೇಕೆಂದು ಬಯಸುವುದು ಸಹಜ. ಅದು ಬೇರೆ ದಾರಿ ಹಿಡಿದಾಗ ನೋಯುವುದೂ ಸಹಜ. ಆದರೆ ಆ ನೋವಿನ ನಡುವೆಯೂ ಒಮ್ಮೆ ಸಭೆಯಲ್ಲಿ ಕುಳಿತು ಕೇಳುವ ಔದಾರ್ಯ ಬೇಕು. ಹೆರಾಲ್ಡ್ ಮೇ ಅವರು ಎರಡು ವರ್ಷ ಮರ ಉಜ್ಜಿದ್ದು ಎಷ್ಟು ದೊಡ್ಡ ಕೆಲಸವೋ, ಮಗನ ಕರೆಗೆ ಓಗೊಟ್ಟು ಆ ಸಂಜೆ ಹೋಗಿ ಕೇಳಿದ್ದೂ ಅಷ್ಟೇ ದೊಡ್ಡ ಕೆಲಸ.