ನಡುಗುವ ಕೈ

ಸಂಧ್ಯಾವಂದನೆಗೆ ಕುಳಿತ ಹಿರಿಯರೊಬ್ಬರ ಉದ್ಧರಣೆಯ ನೀರು ಅಂಗೈಯನ್ನು ಸೇರುವ ಮೊದಲೇ ನೆಲಕ್ಕೆ ಚೆಲ್ಲಿತು. ಮನೆಯವರು ಅದನ್ನು ವಯೋಧರ್ಮವೆಂದು ಭಾವಿಸಿ ಸುಮ್ಮನಾದರು. ಕೆಲವು ತಿಂಗಳು ಕಳೆಯಲು, ಮುತ್ತು ಪೋಣಿಸಿದಂತಿದ್ದ ಅವರ ಅಕ್ಷರಗಳು ಸಾಲಿನ ಕೊನೆಗೆ ಬರುಬರುತ್ತ ಸಾಸಿವೆಯಷ್ಟಾದುವು. ನಡೆಯುವಾಗ ಬಲಗೈ ಬೀಸುವುದನ್ನು ಮರೆಯಿತು. ಇದೆಲ್ಲವನ್ನೂ ಮನೆಯವರು ಸಹಿಸಿದರು. ಸಹಿಸಲಾರದೆ ಹೋದುದು ಮತ್ತೊಂದು. ಮೊಮ್ಮಗಳು ಶಾಲೆಯಿಂದ ಬಹುಮಾನವನ್ನು ತಂದು ಕಾಲಿಗೆರಗಿದಾಗ ಆ ಮುಖದಲ್ಲಿ ನಗೆಯ ಒಂದು ಗೆರೆಯೂ ಮೂಡಲಿಲ್ಲ. “ಅಮ್ಮಾ, ಅಜ್ಜನಿಗೆ ನನ್ನ ಮೇಲೆ ಸಿಟ್ಟೇ?” ಎಂದು ಮಗು ಅಡಿಗೆಯ ಮನೆಯಲ್ಲಿ ಕೇಳಿತು. ತಾಯಿಗೆ ಉತ್ತರ ತೋಚಲಿಲ್ಲ.

ಉತ್ತರವಿದ್ದುದು ಮಿದುಳಿನ ಒಳಗೆ. ಶರೀರದ ನಡುಕವನ್ನು ಚರಕಸಂಹಿತೆಯು ‘ವೇಪಥು’ ಎಂದು ಕರೆದು ವಾತವಿಕಾರಗಳಲ್ಲಿ ಎಣಿಸಿದೆ. ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್ಸನ್ ಎಂಬಾತನು 1817ರಲ್ಲಿ ಆರು ಮಂದಿ ರೋಗಿಗಳ ಸ್ಥಿತಿಯನ್ನು ವಿವರಿಸಿ ಸಣ್ಣದೊಂದು ಗ್ರಂಥವನ್ನು ಬರೆದನು. ಅವರಲ್ಲಿ ಕೆಲವರನ್ನು ಅವನು ಬೀದಿಯಲ್ಲಿ ಕಂಡಿದ್ದನಷ್ಟೆ. ರೋಗಕ್ಕೆ ಈಗ ಅವನ ಹೆಸರೇ ನಿಂತಿದೆ. ನಮ್ಮ ಆಚಾರ್ಯರಾಗಲಿ ಆ ವೈದ್ಯನಾಗಲಿ ಕಂಡದ್ದು ಲಕ್ಷಣವನ್ನು. ಕಾರಣವು ಇಬ್ಬರ ಕಣ್ಣಿಗೂ ಮರೆಯಾಗಿತ್ತು.

ಮಿದುಳಿನ ನಡುಭಾಗದಲ್ಲಿ ಕಪ್ಪುಬಣ್ಣದ ಕಣಗಳ ಚಿಕ್ಕದೊಂದು ನೆಲೆಯುಂಟು. ಈ ರೋಗದಲ್ಲಿ ಕ್ಷಯಿಸುವುದು ಅದೇ ಎಂಬುದನ್ನು ತ್ರೆತ್ಯಾಕೋಫ್ ಎಂಬವನು 1919ರಲ್ಲಿ ತೋರಿಸಿದನು. ಆ ಕಣಗಳು ಡೋಪಮೀನ್ ಎಂಬ ದ್ರವ್ಯವನ್ನು ತಯಾರಿಸಿ, ಚಲನೆಯನ್ನು ಆಳುವ ಭಾಗಗಳಿಗೆ ಕಳುಹಿಸುವುವು. ಅದರ ಮಹತ್ವವು ಬೆಳಕಿಗೆ ಬಂದ ಬಗೆ ವಿಚಿತ್ರವಾದುದು. ನಮ್ಮ ನಾಡಿನ ಸರ್ಪಗಂಧದ ಬೇರಿನಿಂದ 1952ರಲ್ಲಿ ರಿಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಲಾಗಿತ್ತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನನು ಅದನ್ನು ಮೊಲಗಳಿಗೆ ಕೊಡಲು ಅವು ಕಿವಿ ಜೋಲಿಸಿ ಅಲುಗಾಡದೆ ಕುಳಿತುವು. ಬಳಿಕ ಡೋಪಮೀನಿನ ಪೂರ್ವರೂಪವಾದ ಡೋಪವನ್ನು ಚುಚ್ಚಲು, ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡಿದುವು. ಇದು 1957ರ ಮಾತು. 1960ರಲ್ಲಿ ವಿಯೆನ್ನಾ ನಗರದ ಏರಿಂಗರ್ ಮತ್ತು ಹೊರ್ನಿಕೀವಿಚ್ ಎಂಬವರು, ಈ ರೋಗದಿಂದ ನರಳಿ ಮೃತರಾದವರ ಮಿದುಳಿನಲ್ಲಿ ಡೋಪಮೀನ್ ಬಹಳ ಮಟ್ಟಿಗೆ ಬತ್ತಿಹೋಗಿದ್ದುದನ್ನು ಕಂಡರು.

ರಕ್ತದಲ್ಲಿರುವ ಡೋಪಮೀನ್ ಮಿದುಳಿನ ಬಾಗಿಲನ್ನು ದಾಟಲಾರದು, ಲೀವೊಡೋಪವಾದರೋ ದಾಟಬಲ್ಲುದು. 1967ರಲ್ಲಿ ಅಮೆರಿಕದ ಕೊಟ್ಜಿಯಾಸ್ ಎಂಬ ವೈದ್ಯನು ಅದನ್ನು ಅಲ್ಪಾಲ್ಪವಾಗಿ ಹೆಚ್ಚಿಸುತ್ತ ಬಾಯಿಯ ಮೂಲಕ ಕೊಟ್ಟು ಉತ್ತಮ ಫಲವನ್ನು ಕಂಡನು. ಅದೇ ದ್ರವ್ಯವನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿದ್ವಾಂಸರು ಮದರಾಸಿನಲ್ಲಿ 1937ರಲ್ಲಿಯೇ ನಸುಗುನ್ನಿಯ ಬೀಜದಿಂದ ಬೇರ್ಪಡಿಸಿದ್ದರು. ಮೈಗೆ ತಾಗಿದರೆ ತುರಿಕೆಯೆಬ್ಬಿಸುವ ಆ ಬಳ್ಳಿಯೇ ನಮ್ಮ ನಿಘಂಟುಗಳ ಆತ್ಮಗುಪ್ತಾ, ಕಪಿಕಚ್ಛು. ಇಷ್ಟರಿಂದ, ಪೂರ್ವಿಕರು ಎಲ್ಲವನ್ನೂ ಅರಿತಿದ್ದರೆಂದು ಬೀಗುವುದು ತಕ್ಕುದಲ್ಲ. ಬಳ್ಳಿಯ ಗುಣವನ್ನು ಬಲ್ಲುದು ಒಂದು, ಗುಣದ ಕಾರಣವನ್ನು ಬಲ್ಲುದು ಇನ್ನೊಂದು. ಬೀಜದಿಂದ ಬೀಜಕ್ಕೆ ಸಾರದ ಪ್ರಮಾಣ ವ್ಯತ್ಯಾಸವಾಗುವುದರಿಂದ, ವೈದ್ಯರನ್ನು ಕೇಳದೆ ಅದನ್ನು ಮನೆಮದ್ದಾಗಿ ಸೇವಿಸುವುದೂ ಅಪಾಯಕರ.

ಆ ಕಪ್ಪು ಕಣಗಳು ಸಾಯುವುದಾದರೂ ಏಕೆ? ಇಲ್ಲಿಯೇ ವಿಷಯದ ತಿರುಳಿದೆ. ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು 140 ಅಮೈನೋ ಆಮ್ಲಗಳ ಸರಪಳಿ. ಸರಪಳಿಯ ಕ್ರಮವು ಸರಿಯಾಗಿದ್ದರೂ ಅದು ಮಡಿಸಿಕೊಳ್ಳುವ ಬಗೆ ತಪ್ಪಬಹುದು. ಸಂಸ್ಕೃತವನ್ನು ಓದಿದವರಿಗೆ ಇದು ಹೊಸದಲ್ಲ. ‘ನದೀನ’ ಎಂಬುದನ್ನು ‘ನದೀ, ಇನ’ ಎಂದು ಬಿಡಿಸಿದರೆ ನದಿಗಳ ಒಡೆಯನಾದ ಸಮುದ್ರ. ‘ನ, ದೀನ’ ಎಂದು ಬಿಡಿಸಿದರೆ ದೀನನಲ್ಲದವನು. ಅಕ್ಷರಗಳು ಅವೇ, ಅರ್ಥ ಬೇರೆ. ಕಾವ್ಯದಲ್ಲಿ ಅದು ಶ್ಲೇಷ. ಕಣದೊಳಗೆ ಅದೇ ವಿಷ. ತಪ್ಪಾಗಿ ಮಡಿಸಿದ ಪ್ರೋಟೀನು ನೆರೆಯದನ್ನೂ ತನ್ನಂತೆ ಮಾಡಿ, ಒಂದಕ್ಕೊಂದು ಅಂಟಿ ಗಂಟುಗಟ್ಟುವುದು. ಅಪಸ್ವರದ ಒಬ್ಬ ವಟುವು ಪಂಕ್ತಿಯನ್ನೇ ಕೆಡಿಸುವುದು ಹೀಗೆಯೇ. ರೋಗಿಗಳ ಮಿದುಳಿಗೆ ಹತ್ತು ವರ್ಷಗಳಿಗೂ ಹಿಂದೆ ಕಸಿಮಾಡಿದ್ದ ಎಳೆಯ ಕಣಗಳಲ್ಲಿಯೂ ಇಂತಹ ಗಂಟುಗಳಿದ್ದುದು 2008ರಲ್ಲಿ ಕಂಡುಬಂದಿತು. ಸವೆದ ಸಾಮಗ್ರಿಯನ್ನು ಹೊರಹಾಕುವ ಕಣದ ವ್ಯವಸ್ಥೆಯು ಸೋತಾಗಲೂ ಕೇಡು ಬೆಳೆಯುವುದು.

ಕೆಲವು ಕುಟುಂಬಗಳಲ್ಲಿ ದೋಷವು ವಂಶವಾಹಿಯಲ್ಲಿಯೇ ಇರುವುದುಂಟು. ಇಟಲಿ ಮೂಲದ ಒಂದು ಮನೆತನದಲ್ಲಿ ಈ ಸರಪಳಿಯ 53ನೆಯ ಸ್ಥಾನದ ಒಂದೇ ಕೊಂಡಿ ಬದಲಾದುದನ್ನು 1997ರಲ್ಲಿ ಗುರುತಿಸಿದರು. ಆದರೆ ಬಹುಮಂದಿ ರೋಗಿಗಳಲ್ಲಿ ಇಂತಹ ಏಕೈಕ ದೋಷವಿರುವುದಿಲ್ಲ. ಆದುದರಿಂದ ಮಕ್ಕಳು ಮೊಮ್ಮಕ್ಕಳು ವೃಥಾ ಹೆದರಬೇಕಾದುದಿಲ್ಲ. ಇಂದಿನ ಔಷಧಗಳು ಬತ್ತಿದ ಕೆರೆಗೆ ನೀರು ತುಂಬಬಲ್ಲುವೇ ಹೊರತು ಒರತೆಯನ್ನು ಉಳಿಸಲಾರವು.

ಆ ಮನೆಯ ವೈದ್ಯರು ಇಷ್ಟನ್ನೂ ಹೇಳಲಿಲ್ಲ. ಕೈಯನ್ನು ಆಡಿಸುವ ಆಜ್ಞೆಯಂತೆಯೇ ಮುಖವನ್ನು ಅರಳಿಸುವ ಆಜ್ಞೆಯೂ ಆ ಒರತೆಯನ್ನೇ ನಂಬಿದೆ, ನಗೆಯು ಒಳಗಿದ್ದರೂ ಹೊರಗೆ ಬರುವ ದಾರಿ ಕಟ್ಟಿದೆ, ಎಂದರು. ಮಾತ್ರೆಯ ಹೊತ್ತು ತಪ್ಪಬಾರದು, ಬೇಳೆ ಹಾಲುಗಳ ಊಟಕ್ಕೂ ಮಾತ್ರೆಗೂ ನಡುವೆ ಅಂತರವಿರಲಿ, ಎಂದು ಎಚ್ಚರಿಸಿದರು. ತಾಯಿಯು ಮೊದಲನೆಯ ಮಾತನ್ನು ಮಗಳಿಗೆ ತಿಳಿಯಹೇಳಿದಳು.

ಮರುದಿನ ಮಗು ತನ್ನ ಬಹುಮಾನದ ಪುಸ್ತಕವನ್ನು ಹಿಡಿದು ಅಜ್ಜನ ಬಳಿ ಕುಳಿತಿತು. ಈ ಸಲ ಮುಖವನ್ನು ನೋಡಲಿಲ್ಲ. ನಡುಗುವ ಕೈಯ ಮೇಲೆ ತನ್ನ ಕೈಯನ್ನಿಟ್ಟು ಕಾದಿತು. ಬಹಳ ಹೊತ್ತಿನ ಮೇಲೆ, ಕೇಳಿಯೂ ಕೇಳಿಸದಂತಹ ದನಿಯಲ್ಲಿ, “ಮೊದಲನೆಯ ಪಾಠವನ್ನು ಓದು, ಮಗೂ” ಎಂಬ ಮಾತು ಬಂದಿತು.